ಅರ್ನೆಟಾ ಸುತ್ತಿದ ಕಾಯಿಲ್

ಮೊಬೀಲ್, ಅಲಬಾಮಾ
ಮೇ 3, 1998

ಪ್ರೀತಿಯ ನೆಟಾ,

ಫೋನಿನಲ್ಲಿ ನಿನಗೆ ಉಸಿರು ಸಾಲುವುದಿಲ್ಲ, ನನಗೆ ಕಿವಿ ಸಾಲುವುದಿಲ್ಲ. ಮೊನ್ನೆ ನೀನು ಅರ್ಧ ಮಾತಿಗೆ ಕೆಮ್ಮಿ ಸುಮ್ಮನಾದೆ. ನಾನು 'ಹಲೋ ಹಲೋ' ಎಂದು ಅರಚಿದ್ದಕ್ಕೆ ಪಕ್ಕದ ಕ್ಷೌರದಂಗಡಿಯವರು ಅರ್ಧ ಗಡ್ಡದ ಗಿರಾಕಿಯ ಸಮೇತ ಹೊರಗೆ ಬಂದರು. ಅದಕ್ಕೇ ಈ ಕಾಗದ. ನಗಬೇಡ. ಮದುವೆಗೆ ಮೊದಲು ನಿನಗೆ ಬರೆದವನು, ಆಮೇಲೆ ಈಗಲೇ ಬರೆಯುತ್ತಿರುವುದು.

ನಿನ್ನ ಅಕ್ಕ ವಿಲ್ಮಾ ಹೇಗಿದ್ದಾಳೆ? ಇಬ್ಬರೂ ಸೇರಿ ನನ್ನನ್ನು ಎಷ್ಟು ಆಡಿಕೊಂಡಿರಿ? ಡಾಕ್ಟರು ಹೇಳಿದ ಒಣ ಹವೆ ಎದೆಗೆ ಹಿಡಿಸಿತೇ? ಜೂನ್ ಕೊನೆಗೆ ಬಂದುಬಿಡುತ್ತೇನೆ ಅಂದಿದ್ದೀಯ. ನಾನು ಕ್ಯಾಲೆಂಡರಿಗೆ ಗುರುತು ಹಾಕಿಲ್ಲ. ಹಾಕಿದರೆ ದಿನಾ ನೋಡಬೇಕಾಗುತ್ತದೆ.

ರೂಬೆನ್ ಬಂದಿದ್ದ. ಹದಿನೆಂಟು ಇಂಚಿನ ಸಬ್‌ವೂಫರ್ ಜೋಡಿ, ಎದೆ ನಡುಗಿಸುವ ಭಾರಿ ಸ್ಪೀಕರುಗಳು, ಅವನ ಕಾರಿಗೆ ಬೇಕಂತೆ, ನಾವು ಇದುವರೆಗೆ ಮಾಡಿದ್ದಕ್ಕಿಂತ ಗಟ್ಟಿಯದು. "ಲೆಮಣ್ಣ, ವಾರವಿಡೀ ಹೆಣದ ಗಾಡಿ ಓಡಿಸ್ತೀನಿ, ಆಮೆ ಥರ. ಹಿಂದೆ ಮಲಗಿರೋರು ಒಂದ್ ಮಾತೂ ಆಡಲ್ಲ. ಭಾನುವಾರ ಆದ್ರೂ ನನ್ನ ಬೆನ್ನಿಗೆ ಯಾರಾದ್ರೂ ಗುದ್ದಬೇಕಪ್ಪ" ಅಂದ. ಒಪ್ಪಿಕೊಂಡುಬಿಟ್ಟೆ.

ಒಂದರ ಕಾಯಿಲ್, ಆ ತಾಮ್ರದ ತಂತಿಯ ಸುರುಳಿ, ನೀನು ಹೋಗುವ ಮೊದಲೇ ಸುತ್ತಿ ಮೊಳೆಗೆ ತೂಗುಹಾಕಿದ್ದೀಯ. ಇನ್ನೊಂದನ್ನು ನಾನೇ ಸುತ್ತುತ್ತೇನೆ. ಇಷ್ಟು ವರ್ಷ ನೀನು ತಂತಿ, ನಾನು ಸದ್ದು ತಳ್ಳುವ ಕಾಗದದ ಕೋನು ಮತ್ತು ಅಂಟು. ನಡುವೆ ಆ ಪ್ಲೈವುಡ್ ಗೋಡೆ, ನನ್ನ ಧೂಳು ನಿನ್ನ ತಾಮ್ರದ ಮೇಲೆ ಬೀಳದಿರಲಿ ಎಂದು. ಗೋಡೆಯಾಚೆ ಹೋಗಿ ನಿನ್ನ ಕುರ್ಚಿಯಲ್ಲಿ ಕುಳಿತಾಗ ಯಾರದೋ ಮನೆಗೆ ಹೇಳದೆ ಕೇಳದೆ ನುಗ್ಗಿದ ಹಾಗಾಯಿತು.

ಅಂದ ಹಾಗೆ, ನಿನ್ನ ಸುತ್ತುವ ಯಂತ್ರದ ಹಿಡಿಕೆಯನ್ನು ಯಾರೋ ಎಡಗಡೆಗೆ ಸಿಕ್ಕಿಸಿದ್ದರು. ಬಿಚ್ಚಿ ಬಲಗಡೆಗೆ ಹಾಕಿ ಎಣ್ಣೆ ಬಿಟ್ಟೆ. ಈಗ ಬೆಣ್ಣೆಯ ಹಾಗೆ ತಿರುಗುತ್ತದೆ. ನೀನು ಬಂದಾಗ ಖುಷಿಪಡುತ್ತೀಯ.

ನಿನ್ನ
ಲೆಮ್


ಟೂಸಾನ್, ಅರಿಜೋನಾ
ಮೇ 14, 1998

ಲೆಮ್,

ಕಾಗದ ಬಂತು. ವಿಲ್ಮಾ ಕಸಿದುಕೊಂಡು ಓದಿದಳು. ಕ್ಷೌರದಂಗಡಿಯ ಭಾಗವನ್ನು ಎರಡು ಸಲ.

ಇಲ್ಲಿಯ ಗಾಳಿಗೆ ತೂಕವೇ ಇಲ್ಲ. ನಾಯಿ ಬೊಗಳಿದರೆ ಆ ಸದ್ದು ಹೊರಟು ಹೋಗಿಬಿಡುತ್ತದೆ, ಎಲ್ಲಿಯೂ ತಗಲುವುದಿಲ್ಲ. ನಮ್ಮಲ್ಲಿ ಸದ್ದು ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟಿಕೊಂಡೇ ಇರುತ್ತಿತ್ತಲ್ಲ. ಬೆಳಿಗ್ಗೆ ಅಂಗಳದಲ್ಲಿ ಕುಳಿತಿರುತ್ತೇನೆ. ಬೆಟ್ಟಗಳು ಮೊದಲು ನೀಲಿ, ಆಮೇಲೆ ಕಂದು, ಆಮೇಲೆ ಬಿಸಿಲಿನಲ್ಲಿ ಇಲ್ಲವೇ ಇಲ್ಲ. ಎದೆ ತಾನಾಗಿ ತೆರೆದುಕೊಳ್ಳುತ್ತದೆ. ಸ್ಪೀಕರು ಕೂರಿಸುವ ಮೊದಲಿನ ಖಾಲಿ ಪೆಟ್ಟಿಗೆಯ ಹಾಗೆ ಇರುತ್ತೇನೆ, ಹಾಗಿರುವುದು ಹಿತವಾಗಿದೆ.

ಕೈಗೆ ಮಾತ್ರ ಕೆಲಸವಿಲ್ಲ. ವಿಲ್ಮಾಳ ನೂಲಿನ ಉಂಡೆಗಳನ್ನೆಲ್ಲ ಬಿಚ್ಚಿ ಮತ್ತೆ ಸುತ್ತಿದೆ. "ಅಯ್ಯೋ, ಏನೇ ಇಷ್ಟು ಬಿಗೀತೀಯ? ಇದೇನ್ ಸ್ಪೀಕರ್ ಅಂದ್ಕೊಂಡ್ಯಾ?" ಎಂದು ಬೈದಳು.

ಹಿಡಿಕೆಯನ್ನು ಯಾರೋ ಹಾಕಿದ್ದಲ್ಲ. ಅದು ಇದ್ದ ಹಾಗೇ ಇರಬೇಕಿತ್ತು. ಹೋಗಲಿ ಬಿಡು.

ಫ್ರೀಜರಿನ ಕೆಳಗಿನ ಖಾನೆಯಲ್ಲಿ ಬೇಯಿಸಿಟ್ಟ ಕಾಲರ್ಡ್ ಸೊಪ್ಪಿದೆ. ಬರೀ ಬ್ರೆಡ್ ತಿಂದು ಬದುಕಬೇಡ.

ನೆಟಾ


ಮೊಬೀಲ್
ಜೂನ್ 7, 1998

ನೆಟಾ,

ಇವತ್ತು ನಡೆದದ್ದನ್ನು ಕೇಳು. ನಾನಿನ್ನೂ ಅದರೊಳಗೇ ಇದ್ದೇನೆ.

ಜೋಡಿ ಮುಗಿಯಿತು. ಚರ್ಚು ಬಿಟ್ಟ ಮೇಲೆ ರೂಬೆನ್ ಕಾರು ತಂದ. ಅಂಗಡಿ ಹಿಂದಿನ ಬಯಲಿನಲ್ಲಿ ಡಿಕ್ಕಿ ತೆರೆದು ಪೆಟ್ಟಿಗೆ ಕೂರಿಸಿದೆವು. ಮೊದಲು ನಿನ್ನ ಕಾಯಿಲ್‌ನದು ಒಂದೇ ಹಚ್ಚಿದೆ. ಬೇಲಿಯ ತಗಡು ನಡುಗಿತು. ಅದನ್ನು ಬಿಚ್ಚಿ ನನ್ನದು ಹಚ್ಚಿದೆ. ಅದೂ ನಡುಗಿಸಿತು; ನಿನ್ನದರಷ್ಟು ಅಚ್ಚುಕಟ್ಟಲ್ಲ, ಆದರೂ ಗಂಡಸು. ಆಮೇಲೆ ಎರಡನ್ನೂ ಕೂಡಿಸಿ ಆಂಪ್ಲಿಫೈಯರ್ ತಿರುವಿದೆ.

ಏನೂ ಇಲ್ಲ.

ಕೋನುಗಳೆರಡೂ ಕುಣಿಯುತ್ತಿವೆ, ಕಣ್ಣಿಗೆ ಕಾಣುತ್ತಿದೆ. ಒಂದು ಹೊರಗೆ ಬಂದರೆ ಇನ್ನೊಂದು ಒಳಗೆ ಹೋಗುತ್ತಿದೆ. ಅದು ತಳ್ಳಿದ್ದನ್ನು ಇದು ನುಂಗುತ್ತಿದೆ. ಅಷ್ಟು ಕರೆಂಟು ಕುಡಿದು, ಅಷ್ಟು ಗಾಳಿ ಅಲ್ಲಾಡಿಸಿ, ದೂರದಲ್ಲಿ ಯಾರೋ ಚಾಪೆ ಕೊಡವಿದಷ್ಟೂ ಸದ್ದಿಲ್ಲ. ಮ್ಯಾಗ್ನೋಲಿಯಾ ಮರದ ಎಲೆ ಬಿದ್ದದ್ದು ಕೇಳಿಸಿತು, ನನ್ನ ಕಿವಿಗೂ! ಇಬ್ಬರೂ ಕೋನುಗಳನ್ನೇ ನೋಡುತ್ತ ನಿಂತೆವು. ಅದನ್ನು ನಿಲ್ಲಿಸಲು ಮನಸ್ಸೇ ಬರಲಿಲ್ಲ. ಕೊನೆಗೆ ರೂಬೆನ್, "ಲೆಮಣ್ಣ, ಇದೂ ಹೆಣದ ಗಾಡೀನೇ ಆಯ್ತಲ್ಲೋ" ಅಂದ.

ಕಾರಣ ಸುಲಭ. ನಿನ್ನದರ ಎರಡು ತಂತಿಗಳನ್ನು ಅದಲುಬದಲು ಮಾಡಿದೆ, ಅಷ್ಟೇ. ಹಿಂದಿನ ಗಾಜು ಅದುರಿತು, ನಂಬರ್ ಪ್ಲೇಟು ಕಳಚಿ ಬಿತ್ತು, ರೂಬೆನ್ ಎದೆ ಹಿಡಿದುಕೊಂಡು ಕುಣಿದ.

ಪ್ಲಸ್ ಯಾವುದೆಂದು ತೋರಿಸುವ ಕೆಂಪು ಗುರುತನ್ನು ತಪ್ಪು ತುದಿಗೆ ಹಚ್ಚಿದ್ದೀಯ, ನೆಟಾ. ಇಷ್ಟು ವರ್ಷಕ್ಕೆ ಇದೊಂದೇ ತಪ್ಪು. ಎದೆ ಹಿಡಿದುಕೊಂಡು ಕೆಲಸ ಮಾಡಿದರೆ ಯಾರಿಗಾದರೂ ಆಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ರೂಬೆನ್‌ಗೂ ಹೇಳಲಿಲ್ಲ, ನನ್ನದೇ ಎಡವಟ್ಟು ಅಂದೆ. ನೋಡು, ಎಂಥ ಗಂಡ ಸಿಕ್ಕಿದ್ದಾನೆ ನಿನಗೆ.

ಬಸ್ಸಿಗೋ ರೈಲಿಗೋ? ತಿಳಿಸು, ನಿಲ್ದಾಣಕ್ಕೆ ಬರುತ್ತೇನೆ.

ಲೆಮ್


ಟೂಸಾನ್
ಜೂನ್ 16, 1998

ಲೆಮ್,

ಆ ಕಾಯಿಲ್‌ನಲ್ಲಿ ತಪ್ಪಿಲ್ಲ. ಸುತ್ತು ಶುರುವಾಗುವ ತುದಿಗೆ ನಾನು ಕೆಂಪು ಹಚ್ಚುವುದು. ಮೊದಲಿನಿಂದಲೂ ಅಲ್ಲಿಗೇ ಹಚ್ಚಿದ್ದೇನೆ, ಈ ಸಲವೂ ಅಲ್ಲಿಗೇ.

ಜೂನ್ ಕೊನೆಗೆ ಬರುವುದಿಲ್ಲ. ನಿಲ್ದಾಣಕ್ಕೆ ಹೋಗಬೇಡ.

ಅರ್ನೆಟಾ


ಮೊಬೀಲ್
ಜುಲೈ 3, 1998

ನೆಟಾ,

ಅಷ್ಟೇನಾ? ನಾಲ್ಕು ಸಾಲು? 'ಅರ್ನೆಟಾ' ಎಂದು ಪೂರ್ತಿ ಸಹಿ ಬೇರೆ, ಬ್ಯಾಂಕಿಗೆ ಬರೆದ ಹಾಗೆ.

ನನಗೆ ಅರ್ಥವಾಗದೆ ಇಲ್ಲ. ಎದೆಯ ತೊಂದರೆ ಜಾಸ್ತಿಯಾಗಿದೆ, ನನಗೆ ಹೇಳಲು ನಿನಗೆ ಮನಸ್ಸಿಲ್ಲ. ಡಾಕ್ಟರು ಏನೆಂದರು? ಬರೆಯಲು ಆಯಾಸವಾದರೆ ವಿಲ್ಮಾ ಕೈಯಲ್ಲಿ ಬರೆಸು.

ಇಲ್ಲಿ ಎಲ್ಲ ಬದಲಾಯಿಸುತ್ತಿದ್ದೇನೆ. ಅಂಟಿನ ಕೆಲಸವನ್ನು ಹಿಂದಿನ ಶೆಡ್ಡಿಗೆ ಸಾಗಿಸಿದೆ. ಗೋಡೆಗೆ ದೊಡ್ಡ ಫ್ಯಾನು ಕೂರಿಸಿದೆ. ಇನ್ನೂ ಒಂದು ಯೋಚನೆಯಿದೆ. ನೀನಿನ್ನು ತಂತಿ ಮುಟ್ಟುವುದೇ ಬೇಡ. ಯಂತ್ರದಲ್ಲಿ ಸುತ್ತಿದ ಕಾಯಿಲ್‌ಗಳು ಹೊರಗೆ ಸಿಗುತ್ತವೆ, ತರಿಸಿಕೊಳ್ಳೋಣ. ನೀನು ಮುಂದಿನ ಮೇಜಿನಲ್ಲಿ ರಾಣಿಯ ಹಾಗೆ ಕುಳಿತು ಗಿರಾಕಿಗಳ ಜೊತೆ ಹರಟೆ ಹೊಡೆದರೆ ಸಾಕು.

ಕೆಂಪು ಗುರುತಿನ ವಿಷಯ ಬಿಡು, ಜಗಳ ಬೇಡ. ನೀನು ಸರಿ ಎಂದರೆ ಸರಿ.

ಲೆಮ್


ಮೊಬೀಲ್
ಜುಲೈ 26, 1998

ನೆಟಾ,

ಉತ್ತರ ಬರಲಿಲ್ಲ. ಅಂಚೆಯವಳಿಗೆ ನನ್ನ ಮೇಲೆ ಕನಿಕರ ಬಂದಿದೆ, ಜಾಹೀರಾತಿನ ಕಾಗದಗಳನ್ನೆಲ್ಲ ನಮ್ಮ ಡಬ್ಬಕ್ಕೇ ಹಾಕಿ ಹೋಗುತ್ತಾಳೆ.

ಮಧ್ಯಾಹ್ನ ಅಂಗಡಿಯಲ್ಲೇ ಕಣ್ಣು ಹತ್ತಿತ್ತು. ಕನಸಿನಲ್ಲಿ ಸಮುದ್ರ ಸದ್ದಿಲ್ಲದೆ ಒಳಗೆ ಬಂದಿತ್ತು, ಹಾಲಿನಷ್ಟು ಬೆಚ್ಚಗೆ. ನಾವು ಮಾಡಿದ ಕೋನುಗಳೆಲ್ಲ ನೀರಿನಲ್ಲಿ ತೇಲುತ್ತಿದ್ದವು, ಜೆಲ್ಲಿ ಮೀನುಗಳ ಹಾಗೆ ಮುದುಡುತ್ತ, ಅರಳುತ್ತ. ಗೋಡೆಯಾಚೆ ನಿನ್ನ ತಂತಿ ಸುರುಳಿ ಬಿಚ್ಚಿಕೊಳ್ಳುವ ಸರಸರ ಸದ್ದು. ಪ್ಲೈವುಡ್ ತಟ್ಟಿದೆ. ತಟ್ಟಿದ್ದೂ ಕೇಳಲಿಲ್ಲ. ಬಾಗಿಲು ಹುಡುಕಿದೆ. ಅದು ಯಾವ ಕಡೆಗಿತ್ತೆಂದು ಎಷ್ಟು ನೆನೆದರೂ ಹೊಳೆಯಲಿಲ್ಲ.

ಎದ್ದ ಮೇಲೂ ಒಂದು ಕ್ಷಣ ಹೊಳೆಯಲಿಲ್ಲ ನೋಡು. ಹೆದರಿಕೆಯಾಯಿತು.

ಒಂದು ಸಾಲು ಬರೆ. ಬೈದಾದರೂ ಬರೆ.

ಲೆಮ್


ಟೂಸಾನ್
ಆಗಸ್ಟ್ 9, 1998

ಲೆಮ್,

ಇಲ್ಲಿ ಮಳೆಗಾಲ ಶುರುವಾಗಿದೆ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಹಿಂದಿನಿಂದ ಗುಡುಗು ಬರುತ್ತದೆ. ಕಿವಿಗಿಂತ ಮೊದಲು ಅಂಗಾಲಿಗೆ, ಆಮೇಲೆ ಕುರ್ಚಿಗೆ, ಆಮೇಲೆ ಪಕ್ಕೆಲುಬಿಗೆ. ಮೊದಲ ದಿನ ಅರೆನಿದ್ದೆಯಲ್ಲಿ, 'ಲೆಮ್ ಹೊಸದೊಂದನ್ನು ಹಚ್ಚಿ ನೋಡುತ್ತಿದ್ದಾನೆ' ಅಂದುಕೊಂಡೆ. ಎದ್ದು ಕುಳಿತು ಅತ್ತೆ. ಅದನ್ನು ನಿನಗೆ ಹೇಳಬಾರದೆಂದಿದ್ದೆ, ಹೇಳಿದ್ದೇನೆ.

ಇನ್ನೊಂದೂ ಹೇಳಿಬಿಡುತ್ತೇನೆ. ಎದೆ ಚೆನ್ನಾಗಿದೆ. ಅಂಟಿನ ವಾಸನೆಯಿಂದ ದೂರವಿದ್ದರೆ ಯಾವಾಗ ಬೇಕಾದರೂ ಊರಿಗೆ ಹೋಗಬಹುದು ಎಂದು ಡಾಕ್ಟರು ಜೂನ್ ತಿಂಗಳಲ್ಲೇ ಹೇಳಿದರು. ನಾನು ಬರದಿದ್ದಕ್ಕೆ ಎದೆಯೇ ಕಾರಣ ಎಂದು ನೀನು ಅಂದುಕೊಂಡೆ, ನಾನು ಸುಮ್ಮನಿದ್ದೆ. ಅದು ಸುಲಭವಾಗಿತ್ತು.

ಬರದಿರುವುದು ನಿನ್ನ ಕಾಗದಗಳಿಂದಾಗಿ. ನನ್ನ ಕೆಲಸವನ್ನು ತಪ್ಪು ಅಂದೆ, ಆಮೇಲೆ ಕ್ಷಮಿಸಿದೆ, ಆಮೇಲೆ ತಂತಿ ಮುಟ್ಟಬೇಡ ಅಂದೆ. ಮೂರರಲ್ಲಿ ಯಾವುದು ಹೆಚ್ಚು ಉರಿಯಿತೋ ನನಗೇ ಗೊತ್ತಿಲ್ಲ. ಬಹುಶಃ ಕ್ಷಮಿಸಿದ್ದು.

ಅದು ಯಾಕೆ ತಪ್ಪಲ್ಲ ಎಂದು ಒಂದು ಸಾಲಿನಲ್ಲಿ ಹೇಳಬಲ್ಲೆ. ಹೇಳುವುದಿಲ್ಲ. ಅಂಗಡಿ ತೆರೆದ ಹೊಸದರಲ್ಲಿ ಒಮ್ಮೆ ಹೇಳಿದ್ದೆ. ನೀನು ಆಂಪ್ ಹಚ್ಚಿಕೊಂಡು ಕುಳಿತಿದ್ದೆ, ತಲೆ ಆಡಿಸಿದೆ, ಕೇಳಿಸಿಕೊಳ್ಳಲಿಲ್ಲ. ಈಗ ಕೇಳುವುದು ಬೇಡ. ಎದ್ದು ಹೋಗಿ ನೋಡು. ಕಾಣದಿದ್ದರೆ ನಾನು ಇಲ್ಲೇ ಇರುತ್ತೇನೆ, ಲೆಮ್. ಇದು ಕೋಪದ ಮಾತಲ್ಲ.

ಅರ್ನೆಟಾ


ಮೊಬೀಲ್
ಆಗಸ್ಟ್ 30, 1998

ನೆಟಾ,

ನೋಡಿದೆ.

ನಿನ್ನ ಕಾಗದ ಬಂದ ವಾರ ಏನು ನೋಡಬೇಕೆಂದೇ ಗೊತ್ತಾಗದೆ ಅಂಗಡಿಯೆಲ್ಲ ಸುತ್ತಿದೆ. ಅಷ್ಟರಲ್ಲಿ ಪೆನ್ಸಕೋಲಾದಿಂದ ಒಬ್ಬ ಹೊಸ ಕೋನು ಹಾಕಿಸಲು ನಮ್ಮದೇ ಹಳೆಯ ಸಬ್‌ವೂಫರ್ ತಂದ. ನಾವು ಅಂಗಡಿ ತೆರೆದ ಕಾಲದ್ದು. ಕೋನಿನ ನಡುವೆ ಧೂಳಿಗೆ ಅಡ್ಡವಾಗಿ ಅಂಟಿಸುವ ಟೋಪಿ ಕೊಯ್ದರೆ ಒಳಗೆ ನನ್ನ ಸಹಿ. ಯಾವಾಗಿನಂತೆ ನನ್ನದೊಂದೇ. ಕಾಯಿಲ್ ಹೊರಗೆಳೆದು ಬೆಳಕಿಗೆ ಹಿಡಿದೆ. ಸುತ್ತು ರೂಬೆನ್‌ನ ಜೋಡಿಯಲ್ಲಿರುವ ನಿನ್ನದರ ಹಾಗೇ, ನಾನು ಸುತ್ತಿದ್ದಕ್ಕೆ ವಿರುದ್ಧ. ಅಟ್ಟದ ಮೇಲೆ ಸುಟ್ಟುಹೋದ ಹಳೆಯವು ಇದ್ದುವಲ್ಲ, ಎಲ್ಲ ಕೊಯ್ದೆ. ಎಲ್ಲವೂ ಹಾಗೇ.

ಹಾಗಾದರೆ ವಿರುದ್ಧವಾಗಿದ್ದದ್ದು ನನ್ನದೊಂದೇ.

ಆಮೇಲೆ ನಿನ್ನ ಕುರ್ಚಿಯಲ್ಲಿ ಕುಳಿತೆ, ಈ ಸಲ ಏನೂ ಮುಟ್ಟದೆ. ಕತ್ತರಿ ಎಡಗಡೆ. ದೀಪ ಬಲಗಡೆ. ಕಾಫಿ ಲೋಟದ ಕಲೆ ಎಡಗಡೆ. ಕುರ್ಚಿಯ ಎಡಗೈ ಸವೆದು ನಯವಾಗಿದೆ, ಬಲಗೈಯ ಬಣ್ಣ ಇನ್ನೂ ಹಾಗೇ ಇದೆ. ನನ್ನ ಬಲಗೈಗೆ ಬಗ್ಗದ ಆ ಕತ್ತರಿಯನ್ನು ನಾನು ಎಷ್ಟು ಸಲ ಮೊಂಡು ಎಂದು ಬೈದಿದ್ದೇನೆ!

ಆದರೆ ನೀನು ಬರೆಯುವುದು ಬಲಗೈಯಲ್ಲಿ. ಉಣ್ಣುವುದೂ. ರೂಬೆನ್‌ನನ್ನು ಕೇಳಿದೆ. ಅವನು ನಕ್ಕೇಬಿಟ್ಟ. "ಸ್ಕೂಲಲ್ಲಿ ಹೊಡೆದು ಹೊಡೆದು ಬಲಗೈಲಿ ಬರೆಸಿದ್ರಂತೆ ಪಾಪ. ಸುತ್ತೋದು ಮಾತ್ರ ಎಡಗೈಲೇ. ನಾನು ಆ ಕಡೆ ಬಾಗಿಲಿಂದ ಬರ್ತೀನಲ್ಲ, ನಿಂತ್ಕೊಂಡು ನೋಡ್ತಿದ್ದೆ. ಅದೇನ್ ಚಂದ ಅಂತೀಯ! ನಿಂಗೊತ್ತಿಲ್ವಾ? ಅಲ್ಲ ಲೆಮಣ್ಣ, ನಿಜವಾಗ್ಲೂ ಗೊತ್ತಿಲ್ವಾ?"

ಆ ಬಾಗಿಲಿನಿಂದ ನಾನು ಒಂದು ದಿನವೂ ಬಂದಿಲ್ಲ, ನೆಟಾ. ನನಗೆ ಈ ಕಡೆಯದು ಹತ್ತಿರ.

ಇನ್ನೊಂದು ಕಂಡೆ. ರೂಬೆನ್‌ನ ಜೋಡಿಯಲ್ಲಿ ನಿನ್ನದಕ್ಕೆ ಸಣ್ಣ ಬ್ಯಾಟರಿ ಮುಟ್ಟಿಸಿದೆ, ಕೆಂಪಿಗೆ ಕೆಂಪು. ಕೋನು ಒಳಕ್ಕೆ ಹೋಯಿತು. ಲೋಕದ ಸ್ಪೀಕರುಗಳೆಲ್ಲ ಮೊದಲು ಹೊರಕ್ಕೆ ತಳ್ಳುತ್ತವೆ. ನಮ್ಮವು ಮೊದಲು ಉಸಿರು ಒಳಗೆ ಎಳೆದುಕೊಳ್ಳುತ್ತವೆ. ಒಂದೇ ಕೈಯ ಜೋಡಿಯಾದ್ದರಿಂದ ಯಾರಿಗೂ ಗೊತ್ತೇ ಆಗಲಿಲ್ಲ. ಬ್ಯಾಟರಿ ಮುಟ್ಟಿಸುತ್ತ, ತೆಗೆಯುತ್ತ, ತುಂಬ ಹೊತ್ತು ಕುಳಿತಿದ್ದೆ. ಅದು ಮೆಲ್ಲಗೆ ಒಳಗೆ ಹೋಗುತ್ತಿತ್ತು, ಬರುತ್ತಿತ್ತು. ನೀನು ಪಕ್ಕದಲ್ಲಿ ಮಲಗಿದ ಹಾಗಿತ್ತು. ಅತ್ತೆ. ನೀನು ಹೇಳಿದ ಮೇಲೆ ನಾನೂ ಹೇಳಬೇಕಲ್ಲ.

ಹಿಡಿಕೆಯನ್ನು ಎಡಗಡೆಗೆ ಹಾಕಿದೆ.

ಲೆಮ್


ಮೊಬೀಲ್
ಸೆಪ್ಟೆಂಬರ್ 20, 1998

ನೆಟಾ,

ಪೊಟ್ಟಣದಲ್ಲಿ ಒಂದು ಕಾಯಿಲ್ ಇದೆ. ನಾನು ಎಡಗೈಯಲ್ಲಿ ಸುತ್ತಿದ್ದು. ಮುಖ ಗಂಟಿಕ್ಕಿಕೊಳ್ಳಬೇಡ, ಇದು ಇದ್ದುದರಲ್ಲಿ ಚೆನ್ನಾಗಿರುವುದು. ಉಳಿದವನ್ನು ನೋಡಿದರೆ ನಿನಗೆ ಮತ್ತೆ ಕೆಮ್ಮು ಬರುತ್ತದೆ. ಎಡಗೈ ನನ್ನ ಮಾತೇ ಕೇಳುವುದಿಲ್ಲ. ತಂತಿ ಬಿಗಿಹಿಡಿಯಲು ಹೋದರೆ ಜಾರುತ್ತದೆ, ಜಾರದಿರಲಿ ಎಂದರೆ ತುಂಡಾಗುತ್ತದೆ. ಬಲಗೈಯಲ್ಲಿ ಬರೆಯಲು ಕಲಿತ ಆ ಪುಟ್ಟ ಅರ್ನೆಟಾ ತುಂಬ ನೆನಪಾದಳು. ನಾನು ಅವಳನ್ನು ನೋಡಿಯೇ ಇಲ್ಲ, ಆದರೂ.

ರೂಬೆನ್ ಜೋಡಿಯಲ್ಲಿ ನನ್ನದನ್ನು ಕೊಯ್ದು ತೆಗೆದೆ. ನಿನ್ನದನ್ನು ಮುಟ್ಟಲಿಲ್ಲ. ನನ್ನದರ ಜಾಗಕ್ಕೆ ಹೀಗೇ ಎಡಗೈಯಲ್ಲಿ ಸುತ್ತಿದ ಇನ್ನೊಂದನ್ನು ಕೂರಿಸಿ, ನಿನ್ನದರ ತಂತಿಗಳನ್ನು ಮೊದಲಿನಂತೆ ಹಾಕಿದೆ. ಕೆಂಪಿಗೆ ಕೆಂಪು. ಈಗ ಎರಡೂ ಒಟ್ಟಿಗೆ ಉಸಿರೆಳೆದುಕೊಳ್ಳುತ್ತವೆ. ರೂಬೆನ್ ಕಾರೊಳಗೆ ಕುಳಿತು ಕಣ್ಣು ಮುಚ್ಚಿಕೊಂಡ. "ಗುದ್ದೋಕ್ ಮುಂಚೆ ಯಾರೋ ಎಳೆದು ತಬ್ಕೊಂಡಂಗಾಯ್ತು ಕಣಣ್ಣ" ಅಂದ.

ಬಾ ಎಂದು ಬರೆಯಲು ಕುಳಿತೆ, ಮೂರು ಸಲ ಹರಿದೆ. ಆ ಬೆಟ್ಟಗಳ ಎದುರು ನಿನ್ನ ಎದೆ ತೆರೆದುಕೊಳ್ಳುತ್ತದೆ ಎಂದಿದ್ದೆಯಲ್ಲ. ಈ ಒದ್ದೆ ಗಾಳಿಗೆ ಮತ್ತೆ ಕರೆಯಲೇ? ಅದಕ್ಕೇ ಬೇರೆ ಕೇಳುತ್ತೇನೆ. ನಾನೇ ಅಲ್ಲಿಗೆ ಬರಲೇ? ಟ್ರಕ್ಕಿನಲ್ಲಿ ಯಂತ್ರ ಹಿಡಿಸುತ್ತದೆ. ಅಂಟಿನ ಶೆಡ್ಡನ್ನು ನಿನ್ನಿಂದ ಎಷ್ಟು ದೂರ ಹೇಳಿದರೆ ಅಷ್ಟು ದೂರ ಕಟ್ಟುತ್ತೇನೆ. ಪ್ಲೈವುಡ್ ಗೋಡೆ ತರುವುದಿಲ್ಲ.

ಬೇಡ ಎಂದರೆ ಬೇಡ ಎಂದು ಬರೆ. ನಾಲ್ಕು ಸಾಲು ಸಾಕು.

ಲೆಮ್


ಟೂಸಾನ್
ಅಕ್ಟೋಬರ್ 4, 1998

ಲೆಮ್,

ಈ ಸೊಟ್ಟ ಅಕ್ಷರ ನೋಡಿ ವಿಲ್ಮಾ ಬರೆದಳು ಅಂದುಕೊಳ್ಳಬೇಡ. ನಾನೇ. ಎಡಗೈಯಲ್ಲಿ. ನಲವತ್ತು ವರ್ಷದಿಂದ ಈ ಕೈಯಲ್ಲಿ ಪೆನ್ನು ಹಿಡಿದಿಲ್ಲ. ಅಕ್ಷರಗಳು ಮೊದಲ ತರಗತಿಯಲ್ಲಿ ಎಲ್ಲಿ ನಿಂತಿದ್ದವೋ ಅಲ್ಲೇ ಕಾಯುತ್ತಿದ್ದವು. ಒಂದು ಸಾಲಿಗೆ ಒಂದು ಲೋಟ ಕಾಫಿ ಆಗುತ್ತಿದೆ. ಅಂಗೈ ಬರೆದದ್ದನ್ನೆಲ್ಲ ಒರೆಸಿಕೊಂಡು ಹೋಗುತ್ತಿದೆ. ವಿಲ್ಮಾ ಬಂದು, "ಅಪ್ಪ ನೋಡಿದ್ರೆ ಬೆನ್ನು ಮುರೀತಿದ್ದ" ಅಂದಳು. ಆಮೇಲೆ ಪಕ್ಕದಲ್ಲಿ ಕುಳಿತು ನೋಡಿದಳು.

ನಿನ್ನ ಕಾಯಿಲ್ ಬಂತು. ಅನ್ಯಾಯದ ಕೆಲಸ. ಮೂರನೆಯ ಸಾಲು ಎರಡನೆಯದರ ಮೇಲೆ ಹತ್ತಿ ಕುಳಿತಿದೆ, ಕೊನೆಯಲ್ಲಿ ಅಂತೂ ಹಗ್ಗ ಹೊಸೆದ ಹಾಗಿದೆ. ರೂಬೆನ್ ಕಾರಿನಲ್ಲಿರುವುದೂ ಹೀಗೇ ಇದ್ದರೆ ಕ್ರಿಸ್‌ಮಸ್ಸಿನೊಳಗೆ ಸುಟ್ಟುಹೋಗುತ್ತದೆ, ಅವನಿಗೆ ಹೇಳಿಡು. ಬೇರೆ ಯಾರಾದರೂ ಕಳಿಸಿದ್ದರೆ ಕಸದ ಬುಟ್ಟಿಗೆ ಎಸೆಯುತ್ತಿದ್ದೆ.

ಅದನ್ನು ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಬಿಸಿಲು ಅದರೊಳಗಿನಿಂದ ಹಾದು ಬಂದರೆ ಗೋಡೆಯ ಮೇಲೆ ಕೆಂಪಗೊಂದು ಬಳೆ ಬೀಳುತ್ತದೆ. ಬಿಸಿಲು ಏರಿದಂತೆ ಆ ಬಳೆ ಮೇಜಿಗೆ ಇಳಿಯುತ್ತದೆ, ನಾನು ಕೈ ಚಾಚಿ ಕುಳಿತಿರುತ್ತೇನೆ. ಅದು ಬರುವವರೆಗೆ ಏಳಲು ಮನಸ್ಸಾಗುವುದಿಲ್ಲ.

ವಿಲ್ಮಾಳ ಹಿತ್ತಿಲಿನಲ್ಲಿ ಖಾಲಿ ಗ್ಯಾರೇಜು ಇದೆ. ಗುಡಿಸಿದ್ದೇನೆ. ನಿನ್ನ ಶೆಡ್ಡಿಗೆ ಬೇಲಿಯಾಚೆ ಜಾಗವಿದೆ. ಬೆಳಕು ಬಲಗಡೆಯಿಂದ ಬೀಳುವ ಹಾಗೆ ಮೇಜು ಹಾಕಿದ್ದೇನೆ, ಎದುರಿಗೆ ಇನ್ನೊಂದು ಕುರ್ಚಿ. ಸುತ್ತುವುದನ್ನು ಹೇಳಿಕೊಡುತ್ತೇನೆ. ಮೊದಲು ನೋಡಬೇಕು, ಕೈ ಹಾಕಬಾರದು.

ಬಿಸಿಲು ತಗ್ಗಿದೆ, ಈಗಲೇ ಹೊರಡು. ಯಂತ್ರಕ್ಕೆ ಕಂಬಳಿ ಸುತ್ತಿ ಹಗ್ಗ ಬಿಗಿ. ಟ್ರಕ್ಕಿನಲ್ಲಿ ಹಿಡಿಸದಿದ್ದರೆ ನಿನ್ನ ಬಟ್ಟೆಬರೆ ಬಿಟ್ಟು ಬಾ, ಪೆಟ್ಟಿಗೆ ಬಿಟ್ಟು ಬಾ, ಏನು ಬೇಕಾದರೂ ಬಿಚ್ಚಿ ತಾ.

ಹಿಡಿಕೆ ಮಾತ್ರ ಇದ್ದ ಹಾಗೇ ಇರಲಿ.

ನೆಟಾ